ನೋಣಯ್ಯನ ಮನೆಯ ಮೋಹಿನಿ

ಮೀನಿನ ನಡುತುಂಡು ಯಾರ ಬಟ್ಟಲಿಗೆ ಬಿತ್ತು ಎಂದು ನೋಡಿದರೆ ಸಾಕು, ನೋಣಯ್ಯನ ಮನೆಯಲ್ಲಿ ಆ ಹೊತ್ತಿಗೆ ಯಾರ ಕಾಲ ನಡೆಯುತ್ತಿದೆ ಎಂದು ತಿಳಿದುಬಿಡುತ್ತಿತ್ತು. ಕುಶಲಾ ಆ ಮನೆಗೆ ಸೊಸೆಯಾಗಿ ಬಂದಂದಿನಿಂದ ಅದು ಬೀಳುತ್ತಿದ್ದದ್ದು ಅವಳ ಗಂಡ ನೋಣಯ್ಯನ ಬಟ್ಟಲಿಗೇ. ಬಡಿಸುವವಳು ಅತ್ತೆ ಅಪ್ಪಿ. ಕುಶಲಾ ಮೀನು ಕೊಯ್ಯಬಹುದು, ಮಸಾಲೆ ಅರೆಯಬಹುದು, ಹಸಿ ಸೌದೆಗೆ ಉಸಿರು ಕಟ್ಟಿ ಊದಬಹುದು. ಸೌಟು ಮಾತ್ರ ಮುದುಕಿಯ ಕೈಯಲ್ಲಿ. ಮಗನ ಮುಖ ಸೊರಗಬಾರದು ಎಂಬುದು ಅವಳ ಶಾಸ್ತ್ರ. ಯಾಕೆಂದರೆ ಅದು ಬರೀ ಗಂಡಸಿನ ಮುಖವಲ್ಲ. ದೀಪಾವಳಿ ಕಳೆದು ಯಕ್ಷಗಾನದ ಮೇಳ ಹೊರಟಿತೆಂದರೆ ಅದು ದ್ರೌಪದಿಯ ಮುಖ, ದಮಯಂತಿಯ ಮುಖ, ಎಲ್ಲಕ್ಕಿಂತ ಮೇಲಾಗಿ ಮೋಹಿನಿಯ ಮುಖ. ಆಟದಲ್ಲಿ ಹೆಣ್ಣುವೇಷ ಕಟ್ಟುವವರೂ ಗಂಡಸರೇ ತಾನೆ. ಮಂಗಳೂರಿನ ಸುತ್ತ ನೋಣಯ್ಯನಂಥ ಹೆಣ್ಣುವೇಷ ಇನ್ನೊಂದಿಲ್ಲ ಎಂದು ಜನ ಹೇಳುತ್ತಿದ್ದರು. ಮಳೆಗಾಲದಲ್ಲಿ ಮೇಳ ಗೆಜ್ಜೆ ಬಿಚ್ಚಿದ ಮೇಲೆ ಅದೇ ದ್ರೌಪದಿ ಬಂದರಿನ ಶೀನಪ್ಪ ಶೆಟ್ಟರ ಅಕ್ಕಿ ಮಂಡಿಯಲ್ಲಿ ಕೂತು ಹರಿದ ಗೋಣಿ ಹೊಲಿಯುತ್ತಿದ್ದಳು, ಬಾಯಲ್ಲಿ ಬೀಡಿ ಇಟ್ಟುಕೊಂಡು.

ಆ ವರ್ಷ ಅಷ್ಟಮಿ ಕಳೆದು ದೋಣಿಗಳು ಮತ್ತೆ ನೀರಿಗಿಳಿದ ಸುರುವಿನಲ್ಲಿ ಒಂದು ಮಧ್ಯಾಹ್ನ ಅಪ್ಪಿ ಕೊಡ್ಡಾಯಿ ಮೀನಿನ ನಡುತುಂಡನ್ನು ಸೌಟಿನಲ್ಲಿ ಎತ್ತಿದವಳು ನೋಣಯ್ಯನ ಬಟ್ಟಲನ್ನು ದಾಟಿಸಿ ಮೊಮ್ಮಗ ಜಯನ ಬಟ್ಟಲಿಗೆ ಹಾಕಿದಳು.

ಜಯನ ತಂಗಿ ನಳಿನಾಕ್ಷಿ ಅಣ್ಣನ ಬಟ್ಟಲನ್ನೂ ಅಪ್ಪನ ಮುಖವನ್ನೂ ನೋಡಿ, ನಾಲಿಗೆ ಕಚ್ಚಿಕೊಂಡಳು. ನೋಣಯ್ಯ ತನಗೆ ಬಿದ್ದ ಬಾಲದ ತುಂಡನ್ನು ಬೆರಳಲ್ಲಿ ಹೊರಳಿಸಿದ.

"ಎಂತ ಅಮ್ಮ, ಕಣ್ಣು ಮಂಜಾಯ್ತಾ?"

"ಕಣ್ಣು ಸರಿಯೇ ಉಂಟು ಮಗಾ. ಶೆಟ್ರು ಹೇಳಿದ್ದು ನಾನೂ ಕೇಳಿದ್ದೇನೆ. ಇನ್ನು ಮುಖ ನೋಡ್ಬೇಕಾದ್ದು ಇವನದ್ದು."

ಶೆಟ್ಟರು ಹೇಳಿದ್ದು ಇಷ್ಟು. ನವರಾತ್ರಿಗೆ ದೋಣಿ ನಿಲ್ಲುವ ದಕ್ಕೆಯ ಹತ್ತಿರದ ದೊಡ್ಡ ಗೋದಾಮನ್ನು ಖಾಲಿ ಮಾಡಿಸಿ ಒಂದು ಹಗಲಾಟ ಆಡಿಸುವುದು. ರಾತ್ರಿಯ ಆಟಕ್ಕೆ ಬರಲಾಗದ ಮನೆ ಹೆಂಗಸರೂ ನೋಡಲಿ ಎಂದು ಶೆಟ್ಟರ ಹೆಂಡತಿ ಸ್ವರ್ಣಲತಮ್ಮನವರ ಆಸೆ. ಪ್ರಸಂಗ ಭಸ್ಮಾಸುರ ಮೋಹಿನಿ. ಮೋಹಿನಿ ಜಯನದ್ದು. ಭಸ್ಮಾಸುರ ನೋಣಯ್ಯನದ್ದು. "ನಿನ್ನ ಕೆನ್ನೆ ಒಳಗೆ ಹೋಯಿತು ಮಾರಾಯ, ಮುಂದಿನ ಹಲ್ಲೂ ಹೋಯಿತು. ಹಗಲಿನ ಬೆಳಕು, ಎಲ್ಲ ಕಾಣ್ತದೆ. ಹುಡುಗ ಚಂದ ಇದ್ದಾನೆ, ಅವನು ಕಟ್ಟಲಿ" ಎಂದು ಶೆಟ್ಟರು ಗೋಣಿ ಹೊರುವವರ ಎದುರಿಗೇ ಹೇಳಿದ್ದರಂತೆ. ಮೇಳ ನಡೆಸುವವರೂ ಶೆಟ್ಟರೇ. ಈ ಆಟ ಗೆದ್ದರೆ ಮುಂದಿನ ತಿರುಗಾಟಕ್ಕೆ ಮೇಳದಲ್ಲಿ ಹೆಣ್ಣುವೇಷ ಜಯನಿಗೇ. ಸೋತರೆ ಅವನು ಮತ್ತೆ ಮಂಡಿಯಲ್ಲಿ ಗೋಣಿ ಹೊರಬೇಕು.

ನೋಣಯ್ಯ ಅನ್ನ ಅರ್ಧಕ್ಕೆ ಬಿಟ್ಟು ಎದ್ದ. ಕೈ ತೊಳೆಯುವಾಗ ಬಾವಿಕಟ್ಟೆಯಿಂದ ಅವನ ಮಾತು ಕೇಳಿಸಿತು: "ಚಂದ ಇದ್ರೆ ಸಾಕಾ? ಬಾಳೆಕಂಬವೂ ಚಂದ ಉಂಟು."

ಸುಳ್ಳು ಯಾಕೆ, ಕುಶಲಾಳ ಎದೆಯೊಳಗೆ ಯಾರೋ ತಣ್ಣೀರು ಹೊಯ್ದ ಹಾಗಿತ್ತು. ತಿನ್ನಲಿ, ಒಮ್ಮೆ ಅವರೂ ಬಾಲ ತಿನ್ನಲಿ.

ಅವಳ ಸಂಕಟ ಹಳೆಯದು. ಮದುವೆಗೆ ಅವಳಿಗೆ ತವರಿನವರು ಒಂದು ಸೀರೆ ಕೊಟ್ಟಿದ್ದರು, ಗಿಣಿಹಸುರು ಮೈ, ಕೆಂಪು ಅಂಚು. ಅವಳು ಅದನ್ನು ಉಟ್ಟದ್ದು ಧಾರೆಯ ದಿನ ಮಾತ್ರ. ಆ ವರ್ಷ ಮೇಳ ಹೊರಡುವಾಗ ಅಪ್ಪಿ ಅದನ್ನು ತೆಗೆದು ಮಗನ ವೇಷದ ಪೆಟ್ಟಿಗೆಗೆ ಹಾಕಿದಳು. ವೇಷಧಾರಿಗಳು ಮನೆ ಹೆಂಗಸರ ಸೀರೆ ಒಯ್ಯುವುದು ವಾಡಿಕೆಯೇ, ಅದಕ್ಕೆ ಕುಶಲಾ ಅಡ್ಡ ಹೇಳುವವಳಲ್ಲ. ಆದರೆ ಪೆಟ್ಟಿಗೆ ಮುಚ್ಚುವಾಗ ಅತ್ತೆ, "ನಿನಗಿಂತ ಅವನಿಗೇ ಒಪ್ತದೆ ಮಗಳೇ" ಎಂದಿದ್ದಳು. ಮದುವಣಗಿತ್ತಿಗೆ ಹೇಳುವ ಮಾತೇ ಅದು? ಆ ಸೀರೆ ಮತ್ತೆ ಪೆಟ್ಟಿಗೆಯಿಂದ ಹೊರಗೆ ಬರಲಿಲ್ಲ. ಬೀಗದ ಕೈ ನೋಣಯ್ಯನ ಸೊಂಟದ ನೂಲಿನಲ್ಲಿ.

ಅದರ ಮೇಲೆ ಇನ್ನೊಂದು. ಅವಳು ಗಂಡನ ಆಟವನ್ನು ಒಮ್ಮೆಯೂ ನೋಡಿರಲಿಲ್ಲ. ಸುರುವಿನ ವರ್ಷದಲ್ಲೇ ಅವನು ಕಟ್ಟಪ್ಪಣೆ ಮಾಡಿದ್ದ. "ನೀನು ಎದುರಿಗೆ ಕೂತ್ರೆ ನನಗೆ ಹೆಣ್ಣಾಗ್ಲಿಕ್ಕೆ ಆಗುದಿಲ್ಲ. ಬರ್ಬೇಡ." ಕಪ್ಪು ಕೈಯ, ಹೊಗೆ ಮುಖದ ಹೆಂಗಸನ್ನು ಕಂಡರೆ ಮೋಹಿನಿಗೆ ಮೈಲಿಗೆ ಆಗುತ್ತದೆ ಎಂದು ಅವಳು ಅದಕ್ಕೆ ಅರ್ಥ ಕಟ್ಟಿಕೊಂಡಳು. ಬೇರೆ ಹೆಂಗಸರ ಗಂಡಂದಿರಿಗೆ ಹೊರಗೆ ಇನ್ನೊಂದು ಮನೆ ಇರುತ್ತದೆ. ತನ್ನ ಸವತಿ ತನ್ನ ಮನೆಯ ಅಟ್ಟದಲ್ಲೇ, ತನ್ನ ಸೀರೆ ಉಟ್ಟುಕೊಂಡು, ಪೆಟ್ಟಿಗೆಯಲ್ಲಿ ಮಲಗಿದ್ದಾಳೆ.

ಪಕ್ಕದ ಮನೆಯ ಡಾಲಿಬಾಯಿ ಒಮ್ಮೆ ಆಟ ನೋಡಿ ಬಂದವಳು ಬೆಂಕಿಗೆ ಎಣ್ಣೆ ಹೊಯ್ದಿದ್ದಳು. ಅವಳ ಗಂಡ ಸಿಪ್ರಿಯನ್ ಹಂಚಿನ ಕಾರ್ಖಾನೆಯಲ್ಲಿ ಮೇಸ್ತ್ರಿ, ಇಗರ್ಜಿ ಬಿಟ್ಟರೆ ಮನೆ ಎಂಬ ಮನುಷ್ಯ. "ನಿನ್ನ ಗಂಡನ ಮೋಹಿನಿ ನೋಡಿ ನಮ್ಮವರು ಒಂದು ವಾರ ಗಂಜಿ ಮುಟ್ಟಲಿಲ್ಲ ಮಾರಾಯ್ತಿ" ಎಂದು ಡಾಲಿ ಹೇಳುತ್ತಿದ್ದಳು. "ಕೊನೆಗೆ ಅವಳು ತಲೆಗೆ ಕೈ ಇಡುದುಂಟಲ್ಲ, ಅದು ನೋಡ್ಬೇಕು. ನಾನು ಹೆಂಗಸು, ನನಗೇ ಹೊಟ್ಟೆ ಉರಿಯಿತು."

ಅದೇ ಕೈಯ ಮೇಲೆ ಈಗ ಮನೆಯಲ್ಲಿ ಜಗಳ ಸುರುವಾಯಿತು. ಕತೆ ಎಲ್ಲರಿಗೂ ಗೊತ್ತಿದ್ದದ್ದೇ. ಯಾರ ತಲೆ ಮುಟ್ಟಿದರೂ ಅವರು ಬೂದಿಯಾಗುವ ವರ ಭಸ್ಮಾಸುರನಿಗೆ ಸಿಕ್ಕಿದೆ. ಅವನನ್ನು ಮುಗಿಸಲು ವಿಷ್ಣು ಮೋಹಿನಿಯಾಗಿ ಬಂದು, ನಾನು ಕುಣಿದ ಹಾಗೆ ಕುಣಿದರೆ ನಿನ್ನವಳಾಗುತ್ತೇನೆ ಎನ್ನುತ್ತಾಳೆ. ಅವಳು ಹೆಜ್ಜೆ ಹಾಕಿದಂತೆ ಅವನು ಹಾಕುತ್ತಾನೆ, ಕಣ್ಣು ಹೊರಳಿಸಿದಂತೆ ಹೊರಳಿಸುತ್ತಾನೆ. ಕಡೆಗೆ ಅವಳು ತನ್ನ ತಲೆಯ ಮೇಲೆ ಕೈ ಇಡುತ್ತಾಳೆ, ಅವನೂ ಇಟ್ಟು ಸುಟ್ಟುಹೋಗುತ್ತಾನೆ.

ಜಯ ದಿನಾ ಮಂಡಿಯಿಂದ ಬಂದು ಅಂಗಳದಲ್ಲಿ ಅಭ್ಯಾಸ ಮಾಡುತ್ತಿದ್ದ. ಅವನು ಚಂದ ಕುಣಿಯುತ್ತಿದ್ದ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಡೆಯ ಕೈಗೆ ಬಂದಾಗ ಅದು ಎಣ್ಣೆ ಹಚ್ಚಿಕೊಳ್ಳುವವರ ಕೈಯಂತೆ ದೊಪ್ಪನೆ ನೆತ್ತಿಗೆ ಬೀಳುತ್ತಿತ್ತು. ನೋಣಯ್ಯ ಮೆಟ್ಟಿಲಲ್ಲಿ ಕೂತು ಅದನ್ನೇ ಕಾಯುತ್ತಿದ್ದ. ಬಿದ್ದ ಕೂಡಲೇ ನಗುತ್ತಿದ್ದ.

"ಭಸ್ಮಾಸುರ ಅಷ್ಟು ದಡ್ಡನಾ? ಹಾಗೆ ಕೈ ಇಟ್ರೆ ಅವನಿಗೆ ವರದ ನೆನಪಾಗುದಿಲ್ವಾ?"

"ಮತ್ತೆ ಹೇಗೆ ಇಡುದು? ಹೇಳಿಕೊಡಿ."

"ನನಗೆ ಯಾರು ಹೇಳಿಕೊಟ್ಟದ್ದು?"

"ಮಗನಿಗೆ ಹೇಳಿಕೊಡ್ಲಿಕ್ಕೆ ಎಂತ ಕಷ್ಟ ನಿಮಗೆ?"

"ಮಗ ಅಂತೆ. ನನ್ನ ಹೊಟ್ಟೆಗೆ ಕಲ್ಲು ಹಾಕ್ಲಿಕ್ಕೆ ಬಂದ ಮಗ."

ಅಪ್ಪಿ ಒಳಗಿಂದ ಬಂದು ಮೊಮ್ಮಗನ ಪರ ನಿಲ್ಲುತ್ತಿದ್ದಳು. ತೆಂಗಿನಹಾಲು ತಂದು ಅವನ ಕೆನ್ನೆಗೆ ಸವರುತ್ತಿದ್ದಳು. ಮೊದಲು ಅದೂ ನೋಣಯ್ಯನ ಪಾಲಿನದ್ದೇ. ಅವನು ನೋಡಲಾರದೆ ಎದ್ದು ದಕ್ಕೆಯ ಕಡೆ ಹೋಗುತ್ತಿದ್ದ. ಒಮ್ಮೆ ನಳಿನಾಕ್ಷಿ ಓಡಿಬಂದು, ಅಪ್ಪ ಹಟ್ಟಿಯ ಹಿಂದೆ ಕನ್ನಡಿ ಹಿಡಿದು ಕೆನ್ನೆ ಉಬ್ಬಿಸಿ ನೋಡ್ತಿದ್ದಾರೆ ಎಂದು ಪಿಸುಗುಟ್ಟಿದಳು. ಕುಶಲಾಳಿಗೆ ನಗು ಬರಬೇಕಿತ್ತು, ಬರಲಿಲ್ಲ. ಪೆಟ್ಟಿಗೆಯವಳಿಗೆ ವಯಸ್ಸಾಯಿತೆಂದು ಇವರಿಗೆ ಇಷ್ಟು ದುಃಖ. ನನಗೆ ವಯಸ್ಸಾದದ್ದನ್ನು ಇವರು ಕಂಡಿದ್ದಾರೆಯೇ?

ಅದನ್ನೇ ಯೋಚಿಸುತ್ತ ಅವಳು ಅರೆಯುವ ಕಲ್ಲಿನ ಮುಂದೆ ಕೂತಿದ್ದಳು. ಕೈಯೆಲ್ಲ ಮೆಣಸಿನ ಅರಪು. ಹಣೆಗೆ ಬಿದ್ದ ಕೂದಲನ್ನು ಮಣಿಕಟ್ಟಿನಿಂದ ಹಿಂದಕ್ಕೆ ತಳ್ಳಿದಳು. ಸೋತ ಕೈ ಅಲ್ಲೇ ನೆತ್ತಿಯ ಮೇಲೆ ಒಂದು ಗಳಿಗೆ ನಿಂತಿತು. ತಲೆ ಎತ್ತಿದರೆ ನೋಣಯ್ಯ ಬಾಗಿಲಲ್ಲಿ ನಿಂತು ಅವಳನ್ನೇ ನೋಡುತ್ತಿದ್ದ. ಅವಳು ನೋಡಿದ ಕೂಡಲೇ ಮುಖ ತಿರುಗಿಸಿದ.

"ಎಂತ? ಮೆಣಸು ಹೆಚ್ಚಾಯ್ತಾ?" ಎಂದಳು.

"ಇಲ್ಲ" ಎಂದು ಅವನು ಹೊರಟುಹೋದ.

ನವರಾತ್ರಿ ಹತ್ತಿರ ಬಂದಾಗ ಸೀರೆಯ ಮಾತು ಎದ್ದಿತು. ಮೋಹಿನಿಗೆ ಆ ಗಿಣಿಹಸುರು ಸೀರೆ ಬೇಕು ಎಂದ ಜಯ. ಊಟದ ಹೊತ್ತು. ನೋಣಯ್ಯ ತಲೆ ಎತ್ತದೆ, ಅದು ಸಿಕ್ಕುವುದಿಲ್ಲ ಎಂದ. ಯಾಕೆ ಎಂದರೆ, ಅದು ನನ್ನ ಮೋಹಿನಿಯದ್ದು, ಬೇಕಾದರೆ ನೀನು ಬೇರೆ ಮೋಹಿನಿ ಮಾಡಿಕೋ ಎಂದ. ಜಯನ ದನಿ ಏರಿತು.

"ನಿಮಗೆ ಹೊಟ್ಟೆಕಿಚ್ಚು. ಊರೆಲ್ಲ ಹೇಳ್ತಾರೆ."

"ಹೌದು, ಹೊಟ್ಟೆಕಿಚ್ಚೇ. ಏನೀಗ? ಇಷ್ಟು ವರ್ಷ ನಾನು ಅವಳನ್ನು ಸಾಕಿದ್ದೇನೆ. ನೀನು ನಿನ್ನೆ ಮೀಸೆ ಬೋಳಿಸಿದವ."

"ಕೊಡು ಮಗಾ" ಎಂದಳು ಅಪ್ಪಿ. "ಪೆಟ್ಟಿಗೆಯಲ್ಲಿ ಹುಳ ತಿಂದ್ರೆ ಆಗ್ತದಾ? ಅವನಿಗೆ ಒಪ್ತದೆ."

ಆ ಮಾತು ಕೇಳಿದ್ದೇ ಕುಶಲಾ ಗಂಜಿಯ ಮಡಕೆಯನ್ನು ಕೆಳಗಿಟ್ಟಳು. ಗಂಡನ ಎದುರಿಗೆ ಬಂದು ಕೈ ಚಾಚಿದಳು.

"ಬೀಗದ ಕೈ ಕೊಡಿ."

"ನಿನಗೆ ಎಂತಕ್ಕೆ?"

"ಅದು ನಿಮ್ಮ ಮೋಹಿನಿಯದ್ದೂ ಅಲ್ಲ, ಇವನ ಮೋಹಿನಿಯದ್ದೂ ಅಲ್ಲ. ನನ್ನ ಅಪ್ಪ ಎರಡು ಮುಡಿ ಅಕ್ಕಿ ಮಾರಿ ನನಗೆ ತಂದದ್ದು."

ಅವಳು ಹಾಗೆ ಕೈ ಚಾಚಿ ನಿಂತದ್ದನ್ನು ಆ ಮನೆ ಎಂದೂ ಕಂಡಿರಲಿಲ್ಲ. ನೋಣಯ್ಯ ಸೊಂಟದಿಂದ ಬೀಗದ ಕೈ ಬಿಚ್ಚಿದ. ಅವಳು ಅಟ್ಟಕ್ಕೆ ಹೋಗಿ ಸೀರೆ ತೆಗೆದಳು. ಮುಖಕ್ಕೆ ಬಳಿಯುವ ಅರದಾಳದ, ಬೆವರಿನ, ಬಾಡಿದ ಮಲ್ಲಿಗೆಯ ವಾಸನೆ, ಪರ ಹೆಂಗಸಿನ ವಾಸನೆ. ಬಿಸಿಲಿಗೆ ಹಾಕಿ ಅದರ ಎದುರು ಕಾವಲು ಕೂತಂತೆ ಕೂತು ಒಣಮೀನು ಹದ ಮಾಡಿದಳು. ಜಯನಿಗೆ ಸ್ವರ್ಣಲತಮ್ಮನವರ ಮನೆಯಿಂದ ಒಂದು ರೇಷ್ಮೆ ಸೀರೆ ಎರವಲು ಬಂತು.

"ನಾಡಿದ್ದು ಆಟಕ್ಕೆ ನಾನೂ ಬರ್ತೇನೆ" ಎಂದು ಅವಳು ಬೇಲಿಯ ಮೇಲಿಂದ ಡಾಲಿಗೆ ಹೇಳಿದಳು.

"ನಿನ್ನ ಗಂಡ?"

"ಅವರು ಹೆಣ್ಣಾಗುದಿಲ್ಲವಲ್ಲ ಈ ಸಲ. ರಾಕ್ಷಸನಿಗೆ ನಾನು ಎದುರು ಕೂತ್ರೆ ಎಂತ ತೊಂದರೆ?"

ಆಟದ ದಿನ ಬೆಳಿಗ್ಗೆ ಅವಳಿಗೆ ಬಿಡುವಿರಲಿಲ್ಲ. ಭಸ್ಮಾಸುರನ ಮುಖಕ್ಕೆ ಮುಳ್ಳುಮುಳ್ಳಾಗಿ ಇಡುವ ಚಿಟ್ಟೆ ಎಂಬ ಬಿಳಿ ಚುಕ್ಕಿಗಳಿಗೆ ಅಕ್ಕಿ ನುಣ್ಣಗೆ ಅರೆದು ಸುಣ್ಣ ಕಲಸಿ ಕೊಡಬೇಕಿತ್ತು. ಗಂಡನನ್ನು ರಾಕ್ಷಸ ಮಾಡುವ ಹಿಟ್ಟನ್ನು ತಾನೇ ಅರೆದಳು. ಅವನು ಅದನ್ನು ತೆಗೆದುಕೊಂಡು ಹೋಗುವಾಗ ಬಾಗಿಲಲ್ಲಿ ನಿಂತು, "ನೀನು ಬರುದಿಲ್ಲ ಅಲ್ವಾ?" ಎಂದ. ಅವನು ಅಂಗಳ ದಾಟಿದ್ದೇ ಅವಳು ಒಳಗೆ ಹೋಗಿ ಗಿಣಿಹಸುರು ಸೀರೆ ಉಟ್ಟಳು. ಅಪ್ಪಿ ನೋಡಿದಳು, ಬಾಯಿ ತೆರೆದಳು, ಮುಚ್ಚಿದಳು.

ಗೋದಾಮಿನಲ್ಲಿ ಅಕ್ಕಿಯ ಧೂಳು, ಒಣಮೀನಿನ ಗಮಲು, ಸೆಕೆ. ಒಂದು ಬದಿಗೆ ಗಂಡಸರು, ಕಂಬಗಳ ಆಚೆ ಹೆಂಗಸರು. ಬಾಗಿಲ ಬೆಳಕು ನೇರವಾಗಿ ರಂಗಕ್ಕೆ ಬೀಳುತ್ತಿತ್ತು. ಭಾಗವತ ಅಣ್ಣು ಜಾಗಟೆ ಹಿಡಿದು ಪದ ಎತ್ತಿದ. ಚೆಂಡೆ ಬಡಿದಾಗ ಹಂಚಿನ ಸಂದಿಯಿಂದ ಪಾರಿವಾಳಗಳು ಹಾರಿದವು.

ಜಯ ಬಂದಾಗ ಹೆಂಗಸರು ಹಾ ಎಂದರು. ಅಷ್ಟು ಚಂದ ಕಾಣುತ್ತಿದ್ದ. ಕುಶಲಾಳ ಮೈ ಹಿಗ್ಗಿತು. ಆಮೇಲೆ ಭಸ್ಮಾಸುರ ಬಂದ. ಕೆಂಪು ಮುಖ, ಅವಳದೇ ಹಿಟ್ಟಿನ ಬಿಳಿ ಮುಳ್ಳು, ತಲೆಯ ಮೇಲೆ ಕಿರೀಟದ ಭಾರ. ಮೋಹಿನಿ ಕುಣಿದಳು, ಅವನು ಅನುಕರಿಸಿದ. ಎರಡು ಹೆಜ್ಜೆ ಕಳೆಯುವುದರೊಳಗೆ ಗೋದಾಮಿನ ಗದ್ದಲ ಅಡಗಿತು. ನಕಲು ಮಾಡುವವನು ಮೂಲಕ್ಕಿಂತ ಹೆಚ್ಚು ಹೆಣ್ಣಾಗಿದ್ದ. ಜಯ ಹೂ ಕೊಯ್ದರೆ ಕೊಯ್ದ, ಅಷ್ಟೇ. ನೋಣಯ್ಯ ಕೊಯ್ದರೆ ಗಿಡ ಬಾಗಿದ್ದು ಕಾಣುತ್ತಿತ್ತು. ಆ ರಾಕ್ಷಸ ಮುಖ ಇಟ್ಟುಕೊಂಡು ಅವನು ಸೊಂಟಕ್ಕೆ ಇಲ್ಲದ ಸೆರಗು ಸಿಕ್ಕಿಸಿದಾಗ, ಗಂಡಸರ ಕಡೆಯಿಂದ ಚಪ್ಪಾಳೆ ಬಿತ್ತು. ಮೋಹಿನಿಗಲ್ಲ, ಭಸ್ಮಾಸುರನಿಗೆ.

ಕುಶಲಾಳ ಕೈ ತನ್ನ ಸೊಂಟಕ್ಕೆ ಹೋಯಿತು. ಅವಳ ಸೆರಗು ಅಲ್ಲೇ, ಹಾಗೆಯೇ, ಎಡಕ್ಕೆ ಒಂದು ಸುತ್ತು ಹೊರಳಿಸಿ ಸಿಕ್ಕಿಸಿತ್ತು. ಅವಳು ಕೆಳಗೆ ನೋಡಿದಳು, ಮತ್ತೆ ರಂಗ ನೋಡಿದಳು. ಭಸ್ಮಾಸುರ ಈಗ ಕೊಡ ಇಳಿಸುತ್ತಿದ್ದ. ಕೊಡ ಇಳಿಸಿ, ಬೆನ್ನು ನೆಟ್ಟಗೆ ಮಾಡುವ ಮೊದಲು ಒಂದು ಕೈಯನ್ನು ಮೊಣಕಾಲಿಗೆ ಊರಿದ. ನಳಿನಾಕ್ಷಿ ಹುಟ್ಟಿದಂದಿನಿಂದ ಕುಶಲಾಳಿಗೆ ಬೆನ್ನುನೋವು, ಅವಳು ಹಾಗೆಯೇ ಊರುವುದು.

"ಅದು ನನ್ನದು" ಎಂದಳು, ಯಾರಿಗೂ ಅಲ್ಲ.

ಡಾಲಿ ಒಮ್ಮೆ ಅವಳನ್ನೂ ಒಮ್ಮೆ ರಂಗವನ್ನೂ ನೋಡಿದಳು. ಅವಳ ಬಾಯಲ್ಲಿದ್ದ ಕಡಲೆ ಹಾಗೆಯೇ ನಿಂತಿತು. "ಯೇಸು. ಅಂದ್ರೆ ನಮ್ಮವರು ಗಂಜಿ ಬಿಟ್ಟದ್ದು ನಿನ್ನನ್ನು ನೋಡಿಯಾ?"

ಅಷ್ಟರಲ್ಲಿ ಕಡೆಯ ಕೈ ಬಂತು. ಜಯ ಅಂಗೈಯನ್ನು ನೆತ್ತಿಯ ಮೇಲಿಟ್ಟ. ಭಸ್ಮಾಸುರನ ಕೈ ಅರ್ಧಕ್ಕೆ ಏರಿ ನಿಂತಿತು. ಅವನು ಆ ಕೈಯನ್ನೇ ಹೊರಳಿಸಿ ನೋಡಿ, ಸಭೆಯ ಕಡೆ ತಿರುಗಿ, ಮಾತು ಎತ್ತಿದ. ಆಟದಲ್ಲಿ ಮಾತು ವೇಷಧಾರಿಯದ್ದೇ, ಯಾರೂ ತಡೆಯುವಂತಿಲ್ಲ.

"ಸುಂದರೀ, ಈ ನಾಟ್ಯ ನನಗೆ ಹಿಡಿಸಲಿಲ್ಲ. ತಲೆಗೆ ಎಣ್ಣೆ ನಾನು ಮನೆಯಲ್ಲೇ ಹಚ್ಚಿಕೊಳ್ಳುತ್ತೇನೆ. ಬೇರೆ ತೋರಿಸು."

ಗೋದಾಮು ಬಿದ್ದು ನಕ್ಕಿತು. ಅಣ್ಣು ಅದೇ ಪದವನ್ನು ಮತ್ತೆ ಹಾಡಿದ. ಜಯ ಮತ್ತೆ ಕುಣಿದ, ಮತ್ತೆ ಕೈ ಇಟ್ಟ. ಭಸ್ಮಾಸುರ ಮತ್ತೆ ತಲೆಯಾಡಿಸಿದ. ಮುಂದಿನ ಸಾಲಿನಲ್ಲಿ ಶೀನಪ್ಪ ಶೆಟ್ಟರು ಅಸಮಾಧಾನದಿಂದ ಕುರ್ಚಿಯಲ್ಲಿ ಹೊರಳಿದರು. ಮೋಹಿನಿಯ ಕಾಡಿಗೆ ಕಣ್ಣಂಚಿನಲ್ಲಿ ಕದಡುವುದು ಕುಶಲಾಳಿಗೆ ಅಷ್ಟು ದೂರದಿಂದಲೂ ಕಂಡಿತು. ಅಪ್ಪ ಸಾಯದಿದ್ದರೆ ಆಟ ಮುಗಿಯುವುದಿಲ್ಲ, ಆಟ ಮುಗಿಯದಿದ್ದರೆ ಹುಡುಗ ಮುಗಿದ.

ಅವಳು ಕಂಬ ಹಿಡಿದು ಎದ್ದು ನಿಂತಳು. ಹಿಂದಿನವರು "ಕೂತ್ಕೊಳ್ಳಿ ಅಮ್ಮ, ಕಾಣುದಿಲ್ಲ" ಎಂದರು. ಕೂರಲಿಲ್ಲ. ಗಿಣಿಹಸುರು ಸೀರೆಗೆ ಬಾಗಿಲ ಬೆಳಕು ಬಿತ್ತು. ಜಯನ ಕಣ್ಣು ಅವಳ ಮೇಲೆ ನಿಂತಿತು. ಅವಳು ಎರಡೂ ಕೈಯಲ್ಲಿ ಗಾಳಿಯಲ್ಲೇ ಗುಂಡುಕಲ್ಲು ತಿರುಗಿಸಿದಳು. ಆಮೇಲೆ ಹಣೆಯ ಕೂದಲನ್ನು ಮಣಿಕಟ್ಟಿನಿಂದ ಹಿಂದಕ್ಕೆ ತಳ್ಳಿದಳು. ಕೈ ನೆತ್ತಿಯ ಮೇಲೆ ನಿಂತಿತು.

ಹುಡುಗ ಹುಟ್ಟಿದಂದಿನಿಂದ ನೋಡಿದ್ದು. ಅವನ ಮುಖವೇ ಬದಲಾಯಿತು. ಕುಣಿತ ನಿಲ್ಲಿಸಿ ನೆಲಕ್ಕೆ ಕೂತ. ರೇಷ್ಮೆ ಸೀರೆಯ ಮೋಹಿನಿ, ದೇವಲೋಕದವಳು, ಅರೆಯತೊಡಗಿದಳು. ಅಣ್ಣು ಜಾಗಟೆ ನಿಲ್ಲಿಸಿಬಿಟ್ಟ. ಭಸ್ಮಾಸುರನೂ ಕೂತ, ಅವನೂ ಅರೆದ. ಆದರೆ ಅವನು ಮಗನನ್ನು ನೋಡುತ್ತಿರಲಿಲ್ಲ. ಮಗ ಎತ್ತ ನೋಡಿದ್ದನೋ ಅತ್ತ ನೋಡುತ್ತಿದ್ದ, ಕಂಬದ ಹತ್ತಿರ ನಿಂತ ಹಸುರು ಸೀರೆಯ ಕಡೆ. ಮೋಹಿನಿ ಸೋತವಳಂತೆ ಮಣಿಕಟ್ಟು ಎತ್ತಿ ಕೂದಲು ತಳ್ಳಿದಳು. ನೋಣಯ್ಯನ ಕೈ ತನ್ನಷ್ಟಕ್ಕೆ ಎದ್ದಿತು, ಕಿರೀಟದ ಅಂಚಿಗೆ ತಾಗಿತು, ಅಲ್ಲೇ ನಿಂತಿತು.

ರಾಳದ ಪುಡಿ ಬಿದ್ದು ಪಂಜು ಭಗ್ಗೆಂದಿತು. ಭಸ್ಮಾಸುರ ಉರುಳಿದ. ಚಪ್ಪಾಳೆ ಬರುವ ಮೊದಲು, ಯಾವುದೋ ಮುದುಕಿ "ಅಯ್ಯೋ ಪಾಪ" ಎಂದದ್ದು ಎಲ್ಲರಿಗೂ ಕೇಳಿಸಿತು.

ಶೆಟ್ಟರು ಜಯನಿಗೆ ಶಾಲು ಹೊದಿಸಿದರು. ಕುಶಲಾ ಅದಕ್ಕೆ ಕಾಯದೆ, ಅತ್ತೆಗೆ ಗಂಜಿಗೆ ಹೊತ್ತಾಯಿತೆಂದು ಮನೆಗೆ ಬಂದಳು.

ನವರಾತ್ರಿ ಮುಗಿಯುವವರೆಗೆ ಮನೆಯಲ್ಲಿ ಮೀನಿಲ್ಲ. ತಿಮರೆ ಸೊಪ್ಪಿನ ಚಟ್ನಿ, ಹುರುಳಿ ಸಾರು, ಮೌನ. ನೋಣಯ್ಯ ಸಂಜೆ ಮೆಟ್ಟಿಲಲ್ಲಿ ಕೂತು ಜಯನ ಹೆಜ್ಜೆ ನೋಡುತ್ತಿದ್ದ. ನಗುತ್ತಿರಲಿಲ್ಲ. ಒಮ್ಮೆ, "ಕೊಡ ಇಳಿಸುವಾಗ ಮೊಣಕಾಲಿಗೆ ಕೈ ಊರು" ಎಂದ. ಹೊಟ್ಟೆಕಿಚ್ಚು ಹೋಯಿತೆಂದಲ್ಲ. ಆ ಮಾತು ಹೇಳುವಾಗಲೂ ಅವನ ದವಡೆ ಬಿಗಿದೇ ಇತ್ತು.

ದಶಮಿ ಕಳೆದ ಮರುದಿನ ಕುಶಲಾ ದಕ್ಕೆಯಿಂದ ಕೊಡ್ಡಾಯಿ ತಂದಳು. ಅರೆಯಲು ಕೂತಾಗ ಕೂದಲು ಹಣೆಗೆ ಬಿತ್ತು. ಅವಳ ಮಣಿಕಟ್ಟು ಅರ್ಧ ಎದ್ದಿತು. ಬಾಗಿಲಲ್ಲಿ ಗಂಡ ನಿಂತದ್ದು ಕಂಡು ಕೈ ಇಳಿಸಿದಳು.

"ಕೂದಲು ಕಣ್ಣಿಗೆ ಬಂತು" ಎಂದಳು.

"ತಳ್ಳಿಕೊ."

"ಬಿಟ್ಟಿ ತೋರಿಸಿದ್ದು ಸಾಕು. ನೀವೇ ಬಂದು ತಳ್ಳಿ."

ಅವನು ಬಂದ. ಅವಳ ಎದುರು ಕುಕ್ಕರಗಾಲಲ್ಲಿ ಕೂತು ಕೂದಲು ಹಿಂದೆ ಸರಿಸಿದ. ಅವನ ಉಗುರಿನ ಸಂದಿಯಲ್ಲಿ ಇನ್ನೂ ಕೆಂಪು ಬಣ್ಣ ಇತ್ತು. ಕೈ ಅಭ್ಯಾಸಬಲದಿಂದ ಅವಳ ನೆತ್ತಿಯ ಮೇಲೆ ನಿಂತಿತು.

"ಭಸ್ಮಾಸುರನ ಕೈ" ಎಂದಳು ಅವಳು. "ಸುಟ್ಟುಹೋದೇನು."

"ಅದಕ್ಕೇ ಬರ್ಬೇಡ ಹೇಳಿದ್ದು ನಿನಗೆ" ಎಂದ ಅವನು, ಬಹಳ ಮೆಲ್ಲಗೆ. "ಎದುರಿಗೆ ನೀನೇ ಇದ್ರೆ, ನನ್ನ ನಕಲನ್ನು ಯಾರು ನೋಡ್ತಾರೆ?"

ಅವಳು ಕಲ್ಲು ತಿರುಗಿಸಿದಳು. ಮೆಣಸಿನ ಘಾಟಿಗೆ ಅವಳ ಕಣ್ಣಲ್ಲಿ ನೀರು ಬಂದಿತ್ತು, ಘಾಟಿಗೇ ಇರಬೇಕು.

ಮಧ್ಯಾಹ್ನ ಎಲ್ಲರೂ ಕೂತರು. ಅಪ್ಪಿ ನಡುತುಂಡನ್ನು ಸೌಟಿನಲ್ಲಿ ಎತ್ತಿ ಮಗನ ಕಡೆ ನೋಡಿದಳು, ಮೊಮ್ಮಗನ ಕಡೆ ನೋಡಿದಳು. ಸೌಟು ಗಾಳಿಯಲ್ಲೇ ನಿಂತಿತು. ಕುಶಲಾ ಅದನ್ನು ಅತ್ತೆಯ ಕೈಯಿಂದ ಮೆಲ್ಲಗೆ ತೆಗೆದುಕೊಂಡು ತುಂಡನ್ನು ತನ್ನ ಬಟ್ಟಲಿಗೆ ಹಾಕಿಕೊಂಡಳು. ತಲೆ ಜಯನಿಗೆ, ಬಾಲ ನೋಣಯ್ಯನಿಗೆ. ನಳಿನಾಕ್ಷಿಗೆ ತನ್ನದರಲ್ಲಿ ಅರ್ಧ.

ಮುಳ್ಳು ಬಿಡಿಸಿ, ಒಂದು ಚೂರು ಅನ್ನದ ಜೊತೆ ಕಲಸಿ ಬಾಯಿಗಿಟ್ಟು, ಅವಳು ಕಣ್ಣು ಮುಚ್ಚಿದಳು. ತೆರೆದಾಗ ಗಂಡ ತುತ್ತು ಕೈಯಲ್ಲೇ ಹಿಡಿದು ಅವಳ ಬೆರಳನ್ನೂ ಬಾಯನ್ನೂ ನೋಡುತ್ತಿದ್ದ. ಅವನ ಪಕ್ಕದಲ್ಲಿ ಮಗನೂ ಹಾಗೆಯೇ.

"ನೋಡಿದ್ದು ಸಾಕು" ಎಂದಳು ಕುಶಲಾ. "ಇಬ್ಬರೂ ಉಣ್ಣಿ."